ಅರ್ಧ ಹೆಸರು, ಪೂರ್ತಿ ಊರು

ನಮ್ಮ ಕಡೆ ಮಾತನ್ನು ಪೂರ್ತಿ ಆಡುವ ಶ್ರಮ ಯಾರಿಗೂ ಇಲ್ಲ. ಬಾಯಿ ತೆರೆದರೆ ಸಾಕು, ಎದುರಿಗಿದ್ದವರು ಮುಗಿಸಿಕೊಡುತ್ತಾರೆ. ನಾವು ಹೇಳಹೊರಟಿದ್ದು ಅದಲ್ಲ ಎಂಬುದು ಬೇರೆ ಮಾತು. ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ನಾವು ಬೆರಳಚ್ಚಿಸಿದ ಆಜ್ಞೆ ಕೇಳುವ ಶೆಲ್‌ಗೂ ಈ ಚಾಳಿ ಉಂಟು. ಫೋಲ್ಡರಿನ ಮೊದಲಕ್ಷರ ಕೊಟ್ಟು ಟ್ಯಾಬ್ ಒತ್ತಿದರೆ ಹೆಸರನ್ನು ಅದೇ ಮುಗಿಸುತ್ತದೆ. ಆದರೆ ಖಾತ್ರಿ ಇರುವಷ್ಟನ್ನೇ ಹೇಳಿ ನಿಂತುಬಿಡುತ್ತದೆ, ಪುಣ್ಯಾತ್ಮ!

ಇದರ ಆಟ ನೋಡಲು ತುಮಕೂರು ಜಿಲ್ಲೆಯೇ ಸರಿ. ಕಂದಾಯದ ಲೆಕ್ಕಕ್ಕೆ 10 ತಾಲ್ಲೂಕಿನ ಒಂದೇ ಜಿಲ್ಲೆ. ಶಿಕ್ಷಣ ಇಲಾಖೆಯ ಲೆಕ್ಕಕ್ಕೆ ಎರಡು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಉಳಿದ ಆರು ತುಮಕೂರಿನ ಪಾಲು. ಶಾಲೆಗಳ ಕಡತವನ್ನು ಹೀಗೇ ಫೋಲ್ಡರು ಮಾಡಿ ಇಟ್ಟಿದ್ದೀರಿ ಅನ್ನಿ. ಮಧುಗಿರಿಯೊಳಗೆ ನಿಂತು ‘ಪ’ ಒತ್ತಿ, ಟ್ಯಾಬ್ ಕೊಡಿ. ‘ಪಾವಗಡ’ ಎಂದು ಬರೆದು, ಒಳಗೆ ಇನ್ನೂ ಹೋಗಬಹುದು ಅನ್ನುವಂತೆ ಪಕ್ಕದಲ್ಲೊಂದು ಓರೆಗೆರೆ ಎಳೆಯುತ್ತದೆ. ನಾಲ್ಕು ಹೆಸರಿಗೂ ತಲೆ ಬೇರೆ ಬೇರೆಯಾದ್ದರಿಂದ ಒಂದಕ್ಷರಕ್ಕೆ ಕೆಲಸ ಮುಗಿಯಿತು.

ತುಮಕೂರಿನ ಫೋಲ್ಡರಿನಲ್ಲಿ ‘ತ’ ಒತ್ತಿ ನೋಡಿ. ತುಮಕೂರು, ತುರುವೇಕೆರೆ, ತಿಪಟೂರು ಮೂವರೂ ಎದ್ದು ನಿಲ್ಲುತ್ತಾರೆ. ಯುನಿಕೋಡಿನಲ್ಲಿ ‘ತ’ಗೆ ಒಂದು ಸಂಕೇತ, ಕೊಂಬಿಗೂ ಗುಡಿಸಿಗೂ ಬೇರೆ ಬೇರೆ ಸಂಕೇತ, ಹಾಗಾಗಿ ತಿಪಟೂರಿಗೂ ಸಾಲಿನಲ್ಲಿ ಜಾಗ. ಶೆಲ್ ಮಾಡುವುದಿಷ್ಟೇ: ಫೋಲ್ಡರು ತೆರೆದು ಹೆಸರುಗಳನ್ನು ಓದುತ್ತದೆ, ಹೊಂದದವನ್ನು ಬಿಡುತ್ತದೆ, ಉಳಿದವುಗಳ ಆರಂಭ ಎಲ್ಲಿಯವರೆಗೆ ಒಂದೇ ಇದೆಯೋ ಅಲ್ಲಿಯವರೆಗೆ ತುಂಬುತ್ತದೆ. ಇಲ್ಲಿ ‘ತ’ ದಾಟಿ ತುಂಬಲು ಏನೂ ಇಲ್ಲ; ಬ್ಯಾಷ್ ಶೆಲ್ ಆದರೆ ಒಮ್ಮೆ ‘ಟಣ್’ ಅನ್ನುತ್ತದೆ. ಮತ್ತೆ ಒತ್ತಿದರೆ ಮೂರೂ ಹೆಸರು ಪಟ್ಟಿ ಮಾಡಿ, ಆರಿಸಿಕೋ ಎಂದು ಕೈಕಟ್ಟಿ ಕೂರುತ್ತದೆ. ‘ತು’ ಕೊಟ್ಟರೂ ಇಬ್ಬರು ಉಳಿದರು. ‘ತುಮ’ ಅಂದಮೇಲೇ ತುಮಕೂರು.

ಈ ಉಪಕಾರ ಹಳೆಯದು. ಟೆನೆಕ್ಸ್ ಎಂಬ ವ್ಯವಸ್ಥೆಯಲ್ಲಿದ್ದ ಈ ಸೌಲಭ್ಯವನ್ನು ಯುನಿಕ್ಸ್ ಶೆಲ್‌ಗೆ ತರಲು ಕೆನ್ ಗ್ರೀರ್ 1975ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಕೈಹಾಕಿದರು. ಬ್ರಯಾನ್ ಫಾಕ್ಸ್ ಬರೆದ ಬ್ಯಾಷ್ ಬಂದದ್ದು 1989ರಲ್ಲಿ.

ನಮ್ಮ ಊರುಗಳು ಬಾಲದಲ್ಲಿ ಒಂದೇ ಥರ: ಹಳ್ಳಿ, ಕೆರೆ, ದುರ್ಗ. ಶೆಲ್ ನೋಡುವುದು ತಲೆಯನ್ನು, ಬದುಕಿಕೊಂಡೆವು. ಚಿಕ್ಕ, ದೊಡ್ಡ ಎಂದು ಶುರುವಾಗುವ ಊರುಗಳು ಬಂದಾಗ ಮಾತ್ರ ಬೆರಳಿಗೆ ಕೆಲಸ ಜಾಸ್ತಿ. ಮಧುಗಿರಿ ಕಡೆಯ ನಾಲ್ಕು ತಾಲ್ಲೂಕಿಗೂ ಒಂದೊಂದು ಕಸಬಾ ಹೋಬಳಿ ಇದೆಯಲ್ಲ ಎಂದರೆ, ಅದಕ್ಕೆ ಗೊಂದಲವಿಲ್ಲ. ನೀವು ಹೇಳಿದ ದಾರಿ ಎಲ್ಲಿಗೆ ಮುಟ್ಟಿತೋ ಆ ಫೋಲ್ಡರಿನೊಳಗಷ್ಟೇ ಇಣುಕುತ್ತದೆ. ದಾರಿ ಎಂದರೆ ಪಾವಗಡದವರು ನಕ್ಕಾರು: ಪರದೆಯ ಮೇಲೆ ಎರಡು ಚುಕ್ಕಿ, ಒಂದು ಓರೆಗೆರೆ, ಮುಂದೆ ಊರಿನ ಹೆಸರು ಹಾಕಿದರೆ ಮಧುಗಿರಿ ತಾಲ್ಲೂಕಿನಿಂದ ಪಕ್ಕದ ಫೋಲ್ಡರಿಗೆ ಬಂದಾಯಿತು, ಬಸ್ಸಾದರೆ ನಡುವೆ ಆಂಧ್ರದ ನೆಲ ತುಳಿದೇ ಬರಬೇಕು.

ಇನ್ನು ಶಿರಾ. ಕೆಲವರು ‘ಶಿರಾ’ ಬರೆಯುತ್ತಾರೆ, ಕೆಲವರು ‘ಸಿರಾ’. ಶೆಲ್ ಈ ವಾದಕ್ಕೆ ಇಳಿಯುವುದಿಲ್ಲ. ಫೋಲ್ಡರು ಮಾಡಿದವರದೇ ಕೊನೆಯ ಮಾತು. ಒಂದೇ ಕಚೇರಿಯಲ್ಲಿ ಇಬ್ಬರು ಗುಮಾಸ್ತರು ಎರಡು ಥರ ಬರೆದರೋ, ಅರ್ಧ ಶಾಲೆಗಳು ಆ ಕಡೆ, ಅರ್ಧ ಈ ಕಡೆ. ತಾಲ್ಲೂಕು ಒಡೆಯಲು ಸರ್ಕಾರದ ಆದೇಶವೂ ಬೇಡ.