ಐದು ಪಾಯಿಂಟ್ ಎರಡು

ಕಳೆದ ಶ್ರಾವಣದ ಒಂದು ಸಂಜೆ. ನೆರೂಳದಲ್ಲಿ ಜಡಿಮಳೆ. ಉಲ್ವೆಯಲ್ಲಿರುವ ಅಕ್ಕನ ಮಗಳು ಉರಣ್ ಲೈನಿನ ಲೋಕಲ್ ಹಿಡಿದು ನೆನೆದುಕೊಂಡೇ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ "ಚಿಕ್ಕಮ್ಮ, ಈ ಸಲವೂ ಕ್ಯಾನ್ಸಲ್" ಅಂದಳು. ನಾನು ರೈಲಿನ ವಿಷಯ ಅಂದ್ಕೊಂಡೆ!

ರೈಲಲ್ಲ. ಐವಿಎಫ್ ಮಾಡಿಸಿ ಭ್ರೂಣಗಳನ್ನು ಶೀತಲೀಕರಿಸಿ ಇಟ್ಟಿದ್ದರು. ಒಳಗೆ ಇಡೋಣ ಅಂತ ಸ್ಕ್ಯಾನ್ ಮಾಡಿದರೆ ಗರ್ಭಕೋಶದ ಒಳಪದರ, ಅವರ ಭಾಷೆಯಲ್ಲಿ 'ಲೈನಿಂಗ್', ೫.೨ ಮಿಲಿಮೀಟರ್. ಏಳಾದರೂ ಬೇಕಂತೆ. ಮೂರನೇ ಸಲ ಹೀಗೆ ವಾಪಸ್ ಕಳಿಸಿದ್ದರು.

ರಾತ್ರಿ ಕುಂದಾಪುರದಿಂದ ಅಕ್ಕನ ಫೋನು. "ಅವ್ಳಿಗೆ ಬೀಟ್ರೂಟ್ ಕೊಡು, ದಾಳಿಂಬೆ ಕೊಡು, ಡಯಟ್ ಅಂತ ಉಪವಾಸ ಕೂತ್ರೆ ಇನ್ನೇನಾಗುತ್ತೆ?" ಪಕ್ಕದ ಮನೆಯ ಮರಾಠಿ ವಹಿನಿಯದೂ ಅದೇ ಮಾತು, ಜೊತೆಗೆ ಅಳಿವಿನ ಲಾಡು. ಎಲ್ಲರದ್ದೂ ಪ್ರೀತಿಯೇ. ಆದರೆ ಎಲ್ಲ ಮಾತಿನ ಒಳಗೂ ಒಂದು ಮುಳ್ಳು ಇತ್ತು: ತಪ್ಪು ಅವಳದ್ದು, ಸರಿಯಾಗಿ ತಿನ್ನಲಿಲ್ಲ, ಕೆಲಸದ ಟೆನ್ಷನ್ ಬಿಡಲಿಲ್ಲ.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳಬೇಕಾದರೆ ನನ್ನ ಹಳೇ ಕತೆ ಹೇಳಬೇಕು.

೧೯೯೫ರಲ್ಲಿ ಮದುವೆಯಾಗಿ ನಾನು ನೆರೂಳಕ್ಕೆ ಬಂದೆ. ೧೯೯೭ರಲ್ಲಿ ಮೂರು ತಿಂಗಳಿಗೇ ಗರ್ಭ ಹೋಯಿತು. ಒಂದು ನರ್ಸಿಂಗ್ ಹೋಮಿನಲ್ಲಿ ಕ್ಲೀನ್ ಮಾಡಿದರು. ಸರಿಯಾಗಿಲ್ಲ ಅಂತ ಹದಿನೈದು ದಿನಕ್ಕೆ ಇನ್ನೊಮ್ಮೆ ಮಾಡಿದರು. ಆಮೇಲೆ ಮುಟ್ಟು ಒಂದೇ ದಿನಕ್ಕೆ, ಕಲೆಯಷ್ಟಕ್ಕೆ ಇಳಿಯಿತು. "ತಾಪತ್ರಯ ಕಡಿಮೆ ಆಯ್ತಲ್ಲ" ಅಂದರು ಅತ್ತೆ. ನಾನೂ ಹಾಗೇ ಅಂದ್ಕೊಂಡೆ. ನಾಲ್ಕು ವರ್ಷ ಮಾತ್ರೆ ನುಂಗಿದ ಮೇಲೆ ಒಬ್ಬ ಡಾಕ್ಟರು ಕ್ಯಾಮೆರಾ ಹಾಕಿ ನೋಡಿದರು. ಗರ್ಭಕೋಶದ ಗೋಡೆಗಳು ಒಳಗೆ ಒಂದಕ್ಕೊಂದು ಅಂಟಿಕೊಂಡಿದ್ದವು! ಇದಕ್ಕೆ ಆಶರ್‌ಮನ್ ಸಿಂಡ್ರೋಮ್ ಅಂತ ಹೆಸರು. ಜೋಸೆಫ್ ಆಶರ್‌ಮನ್ ಅನ್ನುವ ವೈದ್ಯರು ೧೯೪೮ರಲ್ಲೇ ಇದನ್ನು ವಿವರಿಸಿದ್ದರಂತೆ. ಅರ್ಧ ಶತಮಾನದ ಹಿಂದೆಯೇ ಗೊತ್ತಿದ್ದ ವಿಷಯ, ನನಗೆ ಹೇಳುವವರಿರಲಿಲ್ಲ. ಬಿಡಿಸಿದರು, ಹಾರ್ಮೋನ್ ಕೊಟ್ಟರು, ಆದರೆ ಒಳಪದರ ಮತ್ತೆ ಬೆಳೆಯಲಿಲ್ಲ. ನಮಗೆ ಮಕ್ಕಳಾಗಲಿಲ್ಲ.

ಆ ಡಾಕ್ಟರು ಹೇಳಿದ್ದನ್ನು ನಾನು ಗರಿಕೆಯ ಲೆಕ್ಕದಲ್ಲಿ ನೆನಪಿಟ್ಟುಕೊಂಡಿದ್ದೇನೆ. ಚೌತಿಗೆ ಗರಿಕೆ ಕೊಯ್ದರೆ ವಾರದಲ್ಲಿ ಮತ್ತೆ ಚಿಗುರುತ್ತೆ, ಬೇರು ಇರುತ್ತಲ್ಲ. ಒಳಪದರವೂ ಹಾಗೇ. ಪ್ರತಿ ತಿಂಗಳು ಮೇಲಿನದ್ದು ಮುಟ್ಟಾಗಿ ಹೋಗುತ್ತೆ, ತಳದಲ್ಲಿ ಉಳಿದದ್ದು ಈಸ್ಟ್ರೋಜೆನ್ ಬಲದಿಂದ ಮತ್ತೆ ಬೆಳೆಯುತ್ತೆ. ಗುದ್ದಲಿ ಹಾಕಿ ಬೇರನ್ನೇ ಕೆರೆದರೆ? ಎಷ್ಟು ನೀರು ಹೊಯ್ದರೂ ಕಷ್ಟ.

ಅದಕ್ಕೇ ಮಾರನೇ ದಿನ ನಾನೂ ಅವಳ ಜೊತೆ ಹೋದೆ. ಅಲ್ಲಿ ಒಂದು ಪಟ್ಟಿ ಕೊಟ್ಟರು. ಈಸ್ಟ್ರೋಜೆನ್ ಮಾತ್ರೆ ಇನ್ನಷ್ಟು ದಿನ, ರಕ್ತ ಸಂಚಾರಕ್ಕೆ ಆಸ್ಪಿರಿನ್, ಸಿಲ್ಡೆನಾಫಿಲ್ (ಹೌದು, ಗಂಡಸರ ವಯಾಗ್ರಾದಲ್ಲಿರುವುದೇ!), ಜಿ-ಸಿಎಸ್ಎಫ್ ಇಂಜೆಕ್ಷನ್, ಕೊನೆಗೆ ಪಿಆರ್‌ಪಿ. ಪಿಆರ್‌ಪಿ ಅಂದರೆ ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ತುಂಬಿದ ಭಾಗವನ್ನು ಗರ್ಭಕೋಶದೊಳಗೆ ಬಿಡೋದು. ಪ್ರತಿಯೊಂದಕ್ಕೂ ಬೇರೆ ಬಿಲ್. ಈಸ್ಟ್ರೋಜೆನ್ ಬಿಟ್ಟರೆ ಉಳಿದವು ಕೆಲವರಿಗೆ ಉಪಯೋಗವಾದದ್ದುಂಟು, ಆದರೆ ಗಟ್ಟಿ ಪುರಾವೆ ಇನ್ನೂ ಇಲ್ಲ. ತೆಳು ಯಾಕಾಯ್ತು ಅನ್ನುವ ಪ್ರಶ್ನೆ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ನಾನೇ ಕೇಳಿದೆ. ಮುಖ ಸಿಂಡರಿಸಿದರು. ನಾವು ಬೇರೆ ಡಾಕ್ಟರ ಹತ್ತಿರ ಹೋದೆವು.

ಈ ಡಾಕ್ಟರಮ್ಮ ಅರ್ಧ ಗಂಟೆ ಬರೀ ಕೇಳಿದರು. ಹಿಂದೆ ಕ್ಲೀನಿಂಗ್ ಆಗಿದೆಯಾ? ಇಲ್ಲ. ಕ್ಲೋಮಿಫಿನ್ ಮಾತ್ರೆ ತಗೊಂಡಿದ್ದೀಯಾ? ಹೌದು, ಆದರೆ ಬಿಟ್ಟು ವರ್ಷವಾಯ್ತು. (ಅಂಡ ಬೆಳೆಸುವ ಆ ಮಾತ್ರೆಯೇ ಕೆಲವರಲ್ಲಿ ಒಳಪದರ ತೆಳು ಮಾಡುತ್ತಂತೆ.) ಮುಟ್ಟು ಹೇಗೆ? ಎರಡು ವರ್ಷದಿಂದ ಕಡಿಮೆ. ಮನೆಯಲ್ಲಿ ಯಾರಿಗಾದರೂ ಟಿಬಿ?

ಅವಳು ನನ್ನ ಮುಖ ನೋಡಿದಳು. ಕಾಲೇಜಿನಲ್ಲಿದ್ದಾಗ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಅಜ್ಜಿಗೆ ಟಿಬಿ ಆಗಿತ್ತು. ಇವಳಿಗೆ ಒಂದು ದಿನ ಕೆಮ್ಮು ಬಂದಿದ್ದಿಲ್ಲ. ಆದರೆ ಕ್ರಿಮಿ ಶ್ವಾಸಕೋಶದಿಂದ ರಕ್ತದ ಮೂಲಕ ಗರ್ಭನಾಳಕ್ಕೆ, ಅಲ್ಲಿಂದ ಗರ್ಭಕೋಶದ ಒಳಪದರಕ್ಕೆ ಸದ್ದಿಲ್ಲದೆ ಇಳಿಯಬಹುದಂತೆ. ನಮ್ಮ ದೇಶದಲ್ಲಿ ಬಂಜೆತನಕ್ಕೆ ಇದೊಂದು ಮುಖ್ಯ ಕಾರಣ. ಹಿಸ್ಟರೋಸ್ಕೋಪಿ ಮಾಡಿ ಒಳಪದರದ ಚೂರು ಪರೀಕ್ಷೆಗೆ ಕಳಿಸಿದರು. ಟಿಬಿಯೇ. ಒಂದೇ ಪಿಸಿಆರ್ ರಿಪೋರ್ಟ್ ನಂಬಿ ಔಷಧಿ ಶುರು ಮಾಡಬಾರದು, ಬಯಾಪ್ಸಿಯಲ್ಲೂ ಕಂಡಿದೆ ಅಂತ ಬಿಡಿಸಿ ಹೇಳಿದರು.

ಆರು ತಿಂಗಳ ಮಾತ್ರೆ. ಸರ್ಕಾರಿ ಕೇಂದ್ರದಲ್ಲಿ ಪುಕ್ಕಟೆ. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ನೋಡಿ ಗಾಬರಿಯಾಗಿ ಫೋನ್ ಮಾಡಿದ್ದಳು ಪಾಪ! ಅದು ರಿಫಾಂಪಿಸಿನ್ ಮಹಿಮೆ, ಹೆದರಬೇಕಿಲ್ಲ.

ಇದೇ ಮುಂಬಯಿಯ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ೧೯೮೬ರ ಆಗಸ್ಟ್ ೬ರಂದು ಡಾ. ಇಂದಿರಾ ಹಿಂದುಜಾ ಮತ್ತು ಡಾ. ಟಿ.ಸಿ. ಆನಂದಕುಮಾರ್ ತಂಡದ ಪ್ರಯತ್ನದಿಂದ ಹರ್ಷಾ ಎಂಬ ಪ್ರನಾಳ ಶಿಶು ಹುಟ್ಟಿದ್ದು. ಅಂದಿನಿಂದ ಗಾಜಿನ ತಟ್ಟೆಯಲ್ಲಿ ಭ್ರೂಣ ಬೆಳೆಸೋದನ್ನು ನಮ್ಮವರು ಚೆನ್ನಾಗಿ ಕಲಿತಿದ್ದಾರೆ. ಆದರೆ ಆ ಭ್ರೂಣ ಅಂಟಿ ಕೂರುವ ಏಳು ಮಿಲಿಮೀಟರ್ ಜಾಗವನ್ನು ಯಾವ ಲ್ಯಾಬಿನಲ್ಲೂ ಮಾಡಿಕೊಡೋಕೆ ಇವತ್ತಿಗೂ ಆಗಿಲ್ಲ.

ಡಾಕ್ಟರಮ್ಮ ಸುಳ್ಳು ಭರವಸೆ ಕೊಡಲಿಲ್ಲ. "ಮಾತ್ರೆಯಿಂದ ಕ್ರಿಮಿ ಸಾಯುತ್ತೆ. ಕಲೆ ಕಟ್ಟಿದ ಜಾಗ ಮತ್ತೆ ಬೆಳೆಯುತ್ತೋ ಇಲ್ಲವೋ ಕಾದು ನೋಡಬೇಕು. ಏಳಕ್ಕಿಂತ ಕಡಿಮೆ ಇದ್ದೂ ಗರ್ಭ ನಿಂತವರಿದ್ದಾರೆ, ಆದರೆ ಅವಕಾಶ ಕಡಿಮೆ." ಇಷ್ಟು ನೇರವಾಗಿ ಹೇಳಿದ್ದೇ ಅವಳಿಗೆ ಸಮಾಧಾನ ತಂದಿತು ಅನ್ಸುತ್ತೆ.

ಇದು ನಾಲ್ಕನೇ ತಿಂಗಳು. ಹೋದ ಶನಿವಾರ ಬಂದಿದ್ದಳು. ಬಟಾಣಿ ಬಿಡಿಸುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ ಕೇಳಿದಳು, "ಚಿಕ್ಕಮ್ಮ, ಮುಟ್ಟು ಕಡಿಮೆ ಆದದ್ದನ್ನ ನೀವು ಆಗಲೇ ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳಲಿಲ್ಲ ಮಗಾ" ಅಂದೆ.

ಅದಕ್ಕೇ ಇಷ್ಟೆಲ್ಲ ಬರೆದೆ. ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ಗರ್ಭಪಾತ, ಕ್ಲೀನಿಂಗ್ ಆದ ಮೇಲೆ ಅಥವಾ ಕಾರಣವಿಲ್ಲದೆ ಮುಟ್ಟು ತೀರಾ ಕಡಿಮೆಯಾದರೆ, "ತಾಪತ್ರಯ ತಪ್ಪಿತು" ಅನ್ನಬೇಡಿ. ಬೀಟ್ರೂಟ್ ಕೊಡಿ, ಬೇಡ ಅನ್ನೋಲ್ಲ. ಆದರೆ ಮೊದಲು ಯಾಕೆ ಅಂತ ಕೇಳಿ.