ಕಾರಿನ ತಲೆ ಮೇಲೊಂದು ಕಡ್ಡಿ, ಜೇಬಿನಲ್ಲೊಂದು ಸುದ್ದಿ

ನಮ್ಮ ಹಳೇ ಮಾರುತಿ 800 ಕಂಡವರೆಲ್ಲ ಕೇಳುವ ಪ್ರಶ್ನೆ ಒಂದೇ: "ಏನ್ ಸಾರ್, ಪೊಲೀಸ್ ಜೀಪಿಗೆ ಹಾಕೋ ಕಡ್ಡಿ ನಿಮ್ಮ ಕಾರಿಗ್ಯಾಕೆ?" ಒಬ್ಬೊಬ್ಬರಿಗೆ ಒಂದೊಂದು ಉತ್ತರ ಹೇಳಿ ಸಾಕಾಗಿದೆ. ಇವತ್ತು ಆ ಕಡ್ಡಿಯ ಕತೆಯನ್ನು ಪೂರ್ತಿ ಹೇಳಿಬಿಡುತ್ತೇವೆ.

ನಾವು ಅಂದರೆ ಇಬ್ಬರು. ಪತ್ರಿಕೋದ್ಯಮ ಡಿಪ್ಲೊಮಾದಲ್ಲಿ ಒಂದೇ ಬೆಂಚು. ಈಗ ಒಂದೇ ಜಿಲ್ಲೆಯಲ್ಲಿ ಎರಡು ಪತ್ರಿಕೆಗಳಿಗೆ ಬಿಡಿ ವರದಿಗಾರರು. ಪತ್ರಿಕೆ ಬೇರೆ ಬೇರೆ, ಪೆಟ್ರೋಲಿನ ಖರ್ಚು ಮಾತ್ರ ಸಮಪಾಲು. ಮಳೆಗಾಲದಲ್ಲಿ ಮೂಡಿಗೆರೆ ಕಡೆಯ ಹಳ್ಳಿಗಳಿಗೆ ಹೋದರೆ ಏನಾಗುತ್ತದೆ ಎಂದು ನಿಮಗೂ ಗೊತ್ತು. ಮರ ಬಿದ್ದು ಕರೆಂಟು ಹೋಗುತ್ತದೆ, ಕೆಲವು ಗಂಟೆಗಳಲ್ಲಿ ಟವರಿನ ಬ್ಯಾಟರಿಯೂ ಮುಗಿಯುತ್ತದೆ. ಆಮೇಲೆ ಮೊಬೈಲು ಬರೀ ಟಾರ್ಚು.

ಹ್ಯಾಮ್ ರೇಡಿಯೋಗೆ ಟವರೂ ಬೇಡ, ಸಿಮ್ಮೂ ಬೇಡ. ಈ ಸೆಟ್ಟಿನಿಂದ ಆ ಸೆಟ್ಟಿಗೆ ನೇರ ಮಾತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಮತ್ತು ಅವರ ತಂಡ ಹವ್ಯಾಸಕ್ಕೆಂದೇ ಸೆಟ್ಟು ಹಾಕಿಕೊಂಡು ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿದ್ದರು. ಅವತ್ತು ಆ ಹವ್ಯಾಸವೇ ಎಷ್ಟೋ ಮನೆಗಳಿಗೆ ತಮ್ಮವರ ಸುದ್ದಿ ಮುಟ್ಟಿಸಿತು. ಅದನ್ನು ಓದಿಯೇ ನಮಗೆ ಈ ಹುಚ್ಚು ಹಿಡಿದದ್ದು.

ಅಂಗಡಿಯಲ್ಲಿ ಸೆಟ್ಟು ಕೊಂಡು ಮಾತು ಶುರುಮಾಡುವ ಹಾಗಿಲ್ಲ. ದೂರಸಂಪರ್ಕ ಇಲಾಖೆಯ ಪರೀಕ್ಷೆ ಪಾಸಾಗಬೇಕು, ಲೈಸೆನ್ಸ್ ಪಡೆಯಬೇಕು. 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ರೇಡಿಯೋ ಕೆಲಸ ಮಾಡುವ ಬಗೆ ಮತ್ತು ಕಾನೂನು, ಇವೆರಡನ್ನು ಓದಿಕೊಳ್ಳಬೇಕು. ಪಾಸಾದರೆ 'ವಿಯು' ಎಂದು ಶುರುವಾಗುವ ಹೆಸರು ಸಿಗುತ್ತದೆ. ಗಾಡಿಯಲ್ಲಿ ಬಳಸುವುದಾದರೆ ಅದಕ್ಕೂ ಅನುಮತಿ ಇದೆಯೇ ಎಂದು ನೋಡಿಕೊಂಡು ಕಾಗದಗಳನ್ನು ಗಾಡಿಯಲ್ಲೇ ಇಟ್ಟಿರಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ವಾಕಿಟಾಕಿ ತರಿಸಿ, ಲೈಸೆನ್ಸ್ ಇಲ್ಲದೆ ಮಾತಾಡುವುದು ಅಪರಾಧ.

ಲೈಸೆನ್ಸ್ ಬಂದ ಮೇಲೆ ನಾವು ಮಾಡಿದ ತಪ್ಪುಗಳನ್ನು ಕೇಳಿ. ನಿಮ್ಮ ದುಡ್ಡು ಉಳಿಯುತ್ತದೆ.

ಮೊದಲು ತಂದದ್ದು 5 ವ್ಯಾಟಿನ ಕೈಸೆಟ್ಟು. ಕಾರಿನೊಳಗೆ ಕೂತು ಕರೆದರೆ ಯಾರಿಗೂ ಕೇಳಲಿಲ್ಲ, ಹೊರಗಿಳಿದು ಕರೆದರೆ ಕೇಳಿತು. ಕಾರೆಂದರೆ ತಗಡಿನ ಡಬ್ಬಿ, ಅದರೊಳಗಿನ ಆಂಟೆನಾ ಅರ್ಧ ಕುರುಡು. ತಪ್ಪು ಸೆಟ್ಟಿನದೆಂದು ತಿಳಿದು ಸೆಕೆಂಡ್ ಹ್ಯಾಂಡಿನಲ್ಲಿ 50 ವ್ಯಾಟಿನ ಕಾರ್ ಸೆಟ್ಟು ತಂದೆವು. 12 ಸಾವಿರ ಹೋಯಿತು. ಆ ತಿಂಗಳು ಇಬ್ಬರ ಮನೆಯಲ್ಲೂ ಮಂಗಳಾರತಿ.

ಅದನ್ನು ಸಿಗರೇಟ್ ಲೈಟರಿನ ಪಾಯಿಂಟಿಗೆ ಸಿಕ್ಕಿಸಿ ಮೈಕ್ ಒತ್ತಿದೆವು, ಫ್ಯೂಸು ಢಮಾರ್. ಪೂರ್ತಿ ಶಕ್ತಿಯಲ್ಲಿ ಮಾತಾಡಿದರೆ ಅದು 10 ಆಂಪಿಯರ್‌ನಷ್ಟು ಕರೆಂಟು ಎಳೆಯುತ್ತದೆ, ಆ ಸಣ್ಣ ವೈರು ತಾಳೀತೇ? ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ನೋಡಿ ನಕ್ಕರು. "ಎಮ್ಮೆಗೆ ದಾರದಲ್ಲಿ ಕಟ್ಟಿದ್ರೆ ನಿಲ್ಲುತ್ತೇನಪ್ಪ?" ಎಂದವರೇ ಬ್ಯಾಟರಿಯಿಂದ ನೇರ ದಪ್ಪ ವೈರು ಎಳೆದರು. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು ಹಾಕಿದರು. ವೈರು ಎಲ್ಲಾದರೂ ಸವೆದು ಬಾಡಿಗೆ ತಗುಲಿದರೆ ಸುಡಬೇಕಾದದ್ದು ಫ್ಯೂಸು, ಕಾರಲ್ಲ. ವೈರು ಒಳಗೆ ಬರುವ ತೂತಿಗೆ ರಬ್ಬರ್ ಬುಷ್ ಹಾಕಿಸುವುದನ್ನೂ ಮರೆಯಬೇಡಿ.

ಆಮೇಲೆ ಆಂಟೆನಾ. 2 ಮೀಟರ್ ಬ್ಯಾಂಡಿಗೆ ಸುಮಾರು ಅರ್ಧ ಮೀಟರ್ ಉದ್ದದ ಕಡ್ಡಿ ಸಾಕು. ಅಡಿಯಲ್ಲಿ ಅಯಸ್ಕಾಂತ ಇರುವುದನ್ನು ತಗಡಿನ ಚಾವಣಿಯ ನಟ್ಟನಡುವೆ ಕೂರಿಸಿದರೆ ಚಾವಣಿಯೂ ಆಂಟೆನಾದ ಅರ್ಧ ಕೆಲಸ ಮಾಡುತ್ತದೆ. ನಾವು ಅಂದಕ್ಕೆಂದು ಬಂಪರಿನ ಹತ್ತಿರ ಕೂರಿಸಿ ಎರಡು ತಿಂಗಳು ಹಾಳುಮಾಡಿಕೊಂಡೆವು. ಮೀಟರ್ ಇಟ್ಟು ಎಸ್‌ಡಬ್ಲ್ಯುಆರ್ ನೋಡಿಸಿ. 1.5ರ ಒಳಗಿದ್ದರೆ ನಿಶ್ಚಿಂತೆ, 3 ದಾಟಿದರೆ ಸೆಟ್ಟಿಗೇ ಅಪಾಯ.

ಇಷ್ಟೆಲ್ಲ ಆದಮೇಲೂ ಕಲಿಯದ ಪಾಠವೊಂದು ಉಳಿದಿತ್ತು. ಅದನ್ನು 2019ರ ಆಗಸ್ಟ್ ಕಲಿಸಿತು.

ಆ ವಾರ ಚಾರ್ಮಾಡಿ ಘಾಟಿ ಕುಸಿದು ಬಂದ್ ಆಗಿತ್ತು. ಗುಡ್ಡ ಜರಿದಿದೆ ಎಂದು ಕೇಳಿ ಒಂದು ಹಳ್ಳಿಗೆ ಹೋದೆವು. ನಾವು ದಾಟಿದ ಮೇಲೆ ಹಿಂದಿನ ರಸ್ತೆಯೂ ಕುಸಿಯಿತು. 14 ಮನೆಗಳ ಊರು. ಫೋಟೋ ತೆಗೆದೆವು, ಮಾತಾಡಿಸಿದೆವು, ಬರೆದುಕೊಂಡೆವು. ಒಳ್ಳೆಯ ಸುದ್ದಿ ಕೈಯಲ್ಲಿತ್ತು, ನಮ್ಮ ಬಿಟ್ಟರೆ ಅಲ್ಲಿ ಬೇರೆ ವರದಿಗಾರರಿರಲಿಲ್ಲ. ಮೊಬೈಲ್ ಸತ್ತಿತ್ತು.

ಸಂಜೆ ಒಬ್ಬ ಹುಡುಗ ಕಾರಿನ ಹತ್ತಿರ ಬಂದ. "ಅಣ್ಣಾ, ನಮ್ಮಜ್ಜಿದು ಇನ್ಸುಲಿನ್ ಮುಗಿದು ಎರಡು ದಿನ ಆಯ್ತು. ಇದ್ರಲ್ಲಿ ಏನಾದ್ರೂ ಹೇಳಕ್ಕಾಗುತ್ತಾ?"

50 ವ್ಯಾಟಿನಲ್ಲಿ ಕರೆದೆವು. ಬರೀ ಗೊರಗೊರ. ಮತ್ತೆ ಕರೆದೆವು. ಎದುರಿಗೆ ಗುಡ್ಡ ಗೋಡೆಯಂತೆ ನಿಂತಿತ್ತು. ಈ ಬ್ಯಾಂಡಿನ ಅಲೆ ಹೆಚ್ಚುಕಮ್ಮಿ ಕಣ್ಣಿನ ನೋಟದ ಹಾಗೆ, ಗುಡ್ಡ ಅಡ್ಡ ಬಂದರೆ 50 ವ್ಯಾಟೂ ಒಂದೇ, 5 ವ್ಯಾಟೂ ಒಂದೇ. ಊರಿನವರು ಮಳೆಯಲ್ಲೇ ಕಾರು ತಳ್ಳಿ ದೇವಸ್ಥಾನದ ದಿಬ್ಬ ಹತ್ತಿಸಿದರು. ಬ್ಯಾಟರಿ ಇಳಿಯಬಾರದೆಂದು ಎಂಜಿನ್ ಚಾಲೂ ಇಟ್ಟು, ಶಕ್ತಿಯನ್ನು 10 ವ್ಯಾಟಿಗೆ ಇಳಿಸಿ ಕರೆದೆವು.

"ಹೇಳಪ್ಪ, ಕೇಳಿಸ್ತಾ ಇದೆ. ನಿಧಾನಕ್ಕೆ ಹೇಳು, ಬರ್ಕೊಳ್ತೀನಿ."

ಬೇಲೂರು ಕಡೆಯ ಒಬ್ಬ ಹಿರಿಯರು. ಅವರ ಮುಖ ನಾವು ಅದುವರೆಗೆ ನೋಡಿರಲಿಲ್ಲ. ಊರಿನ ಹೆಸರು, ಮನೆಗಳ ಲೆಕ್ಕ, ರಸ್ತೆ ಎಲ್ಲೆಲ್ಲಿ ಕುಸಿದಿದೆ, ಅಜ್ಜಿಯ ಚೀಟಿಯಲ್ಲಿದ್ದ ಇನ್ಸುಲಿನ್ನಿನ ಹೆಸರು, ಎಂಟು ತಿಂಗಳ ಬಸುರಿಯೊಬ್ಬಳು. ಎಲ್ಲ ಹೇಳಿದೆವು. ಅವರು ಎಲ್ಲವನ್ನೂ ತಿರುಗಿ ಓದಿ ಒಪ್ಪಿಸಿದರು, ತಾಲ್ಲೂಕಿನ ಕಂಟ್ರೋಲ್ ರೂಮಿಗೆ ಈಗಲೇ ಫೋನ್ ಮಾಡುತ್ತೇನೆಂದರು. ಆಮೇಲೆ ಕೇಳಿದರು: "ಇನ್ನೇನಾದ್ರೂ ಇದೆಯೇನಪ್ಪ?"

ಇತ್ತು. ಜೇಬಿನಲ್ಲಿ ನಾಲ್ಕು ಪುಟದ ಸುದ್ದಿ ಇತ್ತು. ಜಿಲ್ಲಾ ಪುಟ ಮುಗಿಯಲು ಇನ್ನೂ ಎರಡು ಗಂಟೆ ಇತ್ತು. ಅವರು ಡೆಸ್ಕಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ನಮ್ಮಲ್ಲೊಬ್ಬನ ಬೆರಳು ಮೈಕ್ ಒತ್ತಿಯೂ ಬಿಟ್ಟಿತ್ತು. ಇನ್ನೊಬ್ಬ ಅವನ ಕೈ ಹಿಡಿದ.

ಪರೀಕ್ಷೆಗೆ ಓದಿದ್ದೇ ಅದು. ಹ್ಯಾಮ್ ರೇಡಿಯೋ ಸಂಪಾದನೆಗಲ್ಲ. ಬೇರೆಯವರ ಸಂದೇಶ ದಾಟಿಸುವುದು ಆಪತ್ತಿನ ಹೊತ್ತಿಗೆ. ಅಜ್ಜಿಯ ಸಕ್ಕರೆ ಕಾಯಿಲೆಯದು ಆಪತ್ತು, ನಮ್ಮ ಬೈಲೈನಿನದು ಆಪತ್ತಲ್ಲ. ನಾವು ಸುದ್ದಿ ಓದುತ್ತ ಕೂತರೆ ಆ ಹೊತ್ತಿನಲ್ಲಿ ಇನ್ನೊಂದು ಗುಡ್ಡದಿಂದ ಕರೆಯುವವರಿಗೆ ದಾರಿ ಎಲ್ಲಿ?

"ಇಲ್ಲ ಸರ್, ಇಷ್ಟೇ" ಎಂದೆವು.

ಮರುದಿನ ಮಧ್ಯಾಹ್ನ ತೋಟದ ದಾರಿಯಲ್ಲಿ ನಡೆದು ಬಂದ ಹುಡುಗರ ಕೈಯಲ್ಲಿ ಐಸ್ ಹಾಕಿದ ಡಬ್ಬಿ ಇತ್ತು. ಅಜ್ಜಿ ಉಳಿದರು. ನಮಗೆ ಸಿಗ್ನಲ್ ಸಿಕ್ಕಿದ್ದು ಮೂರನೇ ದಿನ. "ಹಳೇದಾಯ್ತು ಮಾರಾಯ, ಟಿವಿಯಲ್ಲಿ ಬಂದಾಯ್ತು" ಎಂದಿತು ಡೆಸ್ಕು. ಬರಹಕ್ಕೆ ಇಷ್ಟು ಎಂದು ದುಡ್ಡು ಸಿಗುವ ನಮಗೆ ಆ ಪ್ರವಾಸದಿಂದ ಬಂದದ್ದು ಸೊನ್ನೆ. ವಾಪಸ್ ಬರುವಾಗ ಕಾರಿನಲ್ಲಿ ಇಬ್ಬರೂ ಜಗಳವಾಡಿದೆವು. ಸುಳ್ಳು ಯಾಕೆ ಹೇಳಬೇಕು, ಬಹಳ ಬೇಜಾರಾಗಿತ್ತು.

ಆದರೂ ಆ ಸೆಟ್ಟನ್ನು ಮಾರಲಿಲ್ಲ. ಆ ಹುಡುಗ ಈಗ ಪರೀಕ್ಷೆಗೆ ಓದುತ್ತಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಣ್ಣಾ, ಎಷ್ಟು ವ್ಯಾಟಿಂದು ತಗೊಳ್ಳಲಿ?" ಎಂದು ಕೇಳಿದ. ವ್ಯಾಟಿನ ಮಾತು ಆಮೇಲೆ, ಮೊದಲು ನಿಮ್ಮೂರಿನ ಎತ್ತರದ ಜಾಗ ಯಾವುದು ನೋಡು ಎಂದೆವು.

ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಬಾನೆಟ್ ಎತ್ತಿ ಫ್ಯೂಸು ನೋಡುತ್ತೇವೆ, ಬ್ಯಾಟರಿಯ ಟರ್ಮಿನಲ್ ಉಜ್ಜುತ್ತೇವೆ, ಕಡ್ಡಿಯನ್ನು ಚಾವಣಿಯ ನಡುವೆ ಇಟ್ಟು ಬೇಲೂರಿನ ಹಿರಿಯರನ್ನು ಒಮ್ಮೆ ಕರೆಯುತ್ತೇವೆ. "ಹೇಳಪ್ಪ, ಕೇಳಿಸ್ತಾ ಇದೆ" ಎನ್ನುತ್ತಾರೆ. ಅಷ್ಟು ಕೇಳಿದ ಮೇಲೇ ಮಲೆನಾಡಿನ ದಾರಿ ಹಿಡಿಯುವುದು.