ಮೂರನೆಯ ಅಂತಸ್ತಿನ ಹೆಜ್ಜೆಗಳು

ಆಷಾಢದ ಮಳೆ ಹಿಡಿದ ರಾತ್ರಿಗಳಲ್ಲಿ, ಮನೆಯವರೆಲ್ಲರೂ ಮಲಗಿ, ಸೂರಿನ ನೀರು ಅಂಗಳದ ಕಲ್ಲಿನ ಮೇಲೆ ಒಂದೇ ಶ್ರುತಿಯಲ್ಲಿ ಬೀಳುತ್ತಿರುವಾಗ, ಕಪಾಟಿನಿಂದ ಹಳೆಯದೊಂದು ಗಾಥಿಕ್ ಕಾದಂಬರಿಯನ್ನು ತೆಗೆದುಕೊಂಡು ದೀಪದ ಬಳಿ ಕುಳಿತುಕೊಳ್ಳುವುದು ನನಗೆ ಬಹುಕಾಲದಿಂದ ಬಂದಿರುವ ಅಭ್ಯಾಸ. ಮಬ್ಬು ಕವಿದ ಊರು, ಬೀಗ ಹಾಕಿದ ಕೋಣೆ, ಏನನ್ನೋ ಮರೆಮಾಚುತ್ತಿರುವ ಯಜಮಾನ, ಅವನನ್ನು ಪ್ರೀತಿಸಿಯೂ ಅವನಿಗೆ ಅಂಜುವ ತರುಣಿ, ಇಷ್ಟೇ ಸಾಮಗ್ರಿಯಿಂದ ಕಟ್ಟಿದ ಈ ಕಥೆಗಳಲ್ಲಿ ಹೊಸದನ್ನು ಹುಡುಕಿ ಓದುವುದಕ್ಕಿಂತ ಓದಿದ್ದನ್ನೇ ಮರಳಿ ಓದುವುದು ನನಗೆ ಹೆಚ್ಚು ಪ್ರಿಯ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರನಾರೆಂದು ತಿಳಿದೊಡನೆ ಪುಸ್ತಕದ ಆಯುಷ್ಯ ತೀರಿತು. ಇಲ್ಲಿಯಾದರೋ ಗುಟ್ಟು ತಿಳಿದ ಮೇಲೆಯೇ ನಿಜವಾದ ಓದು ಮೊದಲಾಗುತ್ತದೆ.

ಡಾಫ್ನೆ ಡು ಮಾರಿಯೇ 1938ರಲ್ಲಿ ಪ್ರಕಟಿಸಿದ ‘ರೆಬೆಕ್ಕ’ವನ್ನೇ ನೋಡಿ. ಸೈನ್ಯಾಧಿಕಾರಿಯಾದ ಗಂಡನೊಡನೆ ಅಲೆಕ್ಸಾಂಡ್ರಿಯದ ಸುಡುಬಿಸಿಲಿನಲ್ಲಿದ್ದಾಗ, ದೂರದ ಕಾರ್ನ್‌ವಾಲ್ ತೀರಕ್ಕಾಗಿ ಹಂಬಲಿಸುತ್ತ ಆಕೆ ಬರೆಯತೊಡಗಿದ ಕಾದಂಬರಿ ಅದು. ಹೊಸದಾಗಿ ಮನೆಗೆ ಬಂದ ಎರಡನೆಯ ಹೆಂಡತಿ, ತೀರಿಹೋದ ಮೊದಲನೆಯವಳ ಬರವಣಿಗೆಯ ಮೇಜಿನ ಮುಂದೆ ಕುಳಿತಿದ್ದಾಳೆ. ಮೇಜಿನ ಗೂಡುಗೂಡಿಗೂ ಆ ಸತ್ತವಳ ಕೈಬರಹದ ಚೀಟಿ. ಟೆಲಿಫೋನು ಗಣಗಣಿಸುತ್ತದೆ, ಒಂದು ಗಡಸು ದನಿ ಶ್ರೀಮತಿ ಡಿ ವಿಂಟರ್ ಅವರನ್ನು ಕೇಳುತ್ತದೆ. ಅವರು ತೀರಿಕೊಂಡು ವರ್ಷದ ಮೇಲಾಯಿತಲ್ಲ ಎಂದುಬಿಡುತ್ತಾಳೆ ಈ ಹುಡುಗಿ, ಆ ಹೆಸರು ಈಗ ತನ್ನದೇ ಎಂಬುದನ್ನು ಮರೆತು. ಮಾತನಾಡಿದವಳು ಮನೆಯ ಮೇಲ್ವಿಚಾರಕಿ ಡ್ಯಾನ್ವರ್ಸ್. ಮನೆಯೊಳಗಿನ ಫೋನಿನಲ್ಲಿ ಅಂದಿನ ಅಡುಗೆಗೆ ಒಪ್ಪಿಗೆ ಕೇಳುವುದಕ್ಕಾಗಿ ಕರೆದಿದ್ದಳು. ಮೊದಲ ಸಲ ಓದಿದಾಗ ಇದನ್ನು ಎಳೆಯ ಹುಡುಗಿಯ ಗಾಬರಿಯೆಂದಷ್ಟೇ ಎಣಿಸಿದ್ದೆ. ಆಕೆಗೆ ಇಡೀ ಪುಸ್ತಕದಲ್ಲಿ ಸ್ವಂತ ಹೆಸರನ್ನೇ ಕೊಟ್ಟಿಲ್ಲವೆಂದು ಅರಿತು ಓದುವಾಗ, ಅದೇ ಪುಟ ಎದೆಯನ್ನು ಹಿಂಡುತ್ತದೆ. ಆಕೆಯ ಗಂಡನ ಮೌನವೂ ಹಾಗೆಯೇ: ಮೊದಲು ಶೋಕವಾಗಿ ತೋರಿದುದು ಎರಡನೆಯ ಓದಿನಲ್ಲಿ ಮತ್ತೇನೋ ಆಗಿಬಿಡುತ್ತದೆ. ಅದೇನೆಂದು ಇಲ್ಲಿ ಹೇಳಿ, ಇನ್ನೂ ಓದದವರ ಸುಖವನ್ನು ಕಸಿದುಕೊಳ್ಳಲಾರೆ.

ಆದರೆ ನಾನು ಹೆಚ್ಚಾಗಿ ಮರಳುವುದು ಷಾರ್ಲಟ್ ಬ್ರಾಂಟೆಯ ‘ಜೇನ್ ಏರ್’ಗೆ. ಅಲ್ಲಿಯ ಗುಟ್ಟು ಲೋಕಕ್ಕೆಲ್ಲ ತಿಳಿದದ್ದು. ಥಾರ್ನ್‌ಫೀಲ್ಡ್ ಬಂಗಲೆಯಲ್ಲಿ ಪಾಠ ಹೇಳುವ ಜೇನ್, ಮನಸ್ಸು ನೆಮ್ಮದಿಗೆಟ್ಟಾಗ ಮೂರನೆಯ ಅಂತಸ್ತಿನ ಓಣಿಯಂಥ ಹಾದಿಯಲ್ಲಿ ಒಬ್ಬಳೇ ಅತ್ತಿಂದಿತ್ತ ತಿರುಗುತ್ತಾಳೆ. ಆಗಾಗ ಒಂದು ವಿಕಾರವಾದ ನಗು ಕೇಳಿಬರುತ್ತದೆ. ಅದು ಗ್ರೇಸ್ ಪೂಲ್ ಎಂಬ ಸೇವಕಿಯ ನಗುವೆಂದು ಅವಳೊಡನೆ ನಾನೂ ನಂಬಿದ್ದೆ. ಗೋಡೆಯಾಚೆ ಬೀಗದೊಳಗಿದ್ದವಳು ಯಜಮಾನನ ಹುಚ್ಚು ಹಿಡಿದ ಹೆಂಡತಿಯೆಂಬುದನ್ನು ಬಲ್ಲವನಾಗಿ ಓದುವಾಗಲಾದರೋ, ಗೋಡೆಯ ಈ ಕಡೆ ಒಬ್ಬಳ ಹೆಜ್ಜೆ, ಆ ಕಡೆ ಇನ್ನೊಬ್ಬಳ ಹೆಜ್ಜೆ, ಎರಡೂ ಒಟ್ಟಿಗೆ ಕೇಳಿಸುತ್ತವೆ. ಕೊನೆಗೆ ಆ ಬಾಗಿಲು ತೆರೆದಾಗ, ಕತ್ತಲೆಯ ಮೂಲೆಯಲ್ಲಿ ಅವಳೂ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಲೇ ಇದ್ದಾಳೆ.

ಇಂಥ ಕಥೆಗಳ ಊರುಗಳೆಲ್ಲ ಕೇವಲ ಕಲ್ಪನೆಯವೆಂದು ತಿಳಿದವರು ಯಾರ್ಕ್‌ಶೈರಿನ ಹಾವರ್ತ್ ಎಂಬ ಊರಿನ ವೃತ್ತಾಂತವನ್ನು ಓದಬೇಕು. ಹೆದರ್ ಪೊದೆಗಳ ಬಂಜರು ಬೋರೆಯ ಅಂಚಿನಲ್ಲಿ, ಕಡಿದಾದ ಏರುದಾರಿಯ ತುದಿಗೆ ಇಗರ್ಜಿ. ಅದರ ಮೇಲುಗಡೆ, 1820ರಿಂದ ಬ್ರಾಂಟೆ ಸಂಸಾರ ವಾಸಿಸಿದ ಪಾದ್ರಿಯ ಮನೆ. ಆ ಮನೆಯ ಮುಂದೆಯೇ ಸಮಾಧಿಗಳಿಂದ ಕಿಕ್ಕಿರಿದ ಸ್ಮಶಾನ. ಊರಿನ ನೈರ್ಮಲ್ಯವನ್ನು ಪರೀಕ್ಷಿಸಲು ಬಂದ ಬ್ಯಾಬೇಜ್ ಎಂಬ ಅಧಿಕಾರಿ 1850ರಲ್ಲಿ ಕೊಟ್ಟ ವರದಿಯ ಪ್ರಕಾರ ಅಲ್ಲಿ ಸಾಯುವವರ ಸರಾಸರಿ ವಯಸ್ಸು 25.8 ವರ್ಷ, ಸತ್ತವರಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಆರು ವರ್ಷ ತುಂಬದ ಮಕ್ಕಳು. ಗೋರಿಗಳ ಮೇಲೆ ಚಪ್ಪಡಿಗಲ್ಲುಗಳನ್ನು ಹಾಸಿದ್ದರಿಂದ ಹುಲ್ಲು ಗಿಡ ಬೆಳೆಯದೆ, ಮಣ್ಣು ತನ್ನ ಕೆಲಸವನ್ನು ಮಾಡಲಾರದೆ ಹೋಗಿತ್ತೆಂದೂ ಆತ ಆಕ್ಷೇಪಿಸಿದ. ದಿನವೂ ಕಿಟಕಿ ತೆರೆದರೆ ಆ ಕಲ್ಲುಗಳನ್ನೇ ಕಾಣುತ್ತಿದ್ದ ಹೆಣ್ಣುಮಕ್ಕಳು ಭಯಾನಕವನ್ನು ಹೊರಗಿನಿಂದ ತರಬೇಕಾಗಿರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ರಾತ್ರಿ ಕೈಗೆಲಸ ಮುಗಿದ ಮೇಲೆ ಷಾರ್ಲಟ್, ಎಮಿಲಿ, ಆನ್ ಮೂವರು ಸೋದರಿಯರೂ ಊಟದ ಕೋಣೆಯ ಮೇಜಿನ ಸುತ್ತ ನಡೆಯುತ್ತ, ತಾವು ಬರೆಯುತ್ತಿದ್ದ ಕಥೆಗಳನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ, ಓದುತ್ತ ಇರುತ್ತಿದ್ದರು. 1848ರ ಡಿಸೆಂಬರಿನಲ್ಲಿ ಎಮಿಲಿ ತೀರಿಕೊಂಡಳು. ಮರುವರ್ಷದ ಮೇ ತಿಂಗಳಲ್ಲಿ ಆನ್. ಷಾರ್ಲಟ್ ಮಾತ್ರ ನಡೆಯುವುದನ್ನು ಬಿಡಲಿಲ್ಲ. 1853ರಲ್ಲಿ ಅತಿಥಿಯಾಗಿ ಬಂದ ಲೇಖಕಿ ಎಲಿಜಬೆತ್ ಗ್ಯಾಸ್ಕೆಲ್, ತನ್ನನ್ನು ಕೋಣೆಗೆ ಬಿಟ್ಟು ಹೋದ ಮೇಲೆ ಆಕೆ ಪ್ರತಿರಾತ್ರಿಯೂ ಕೆಳಗಿಳಿದು ಒಬ್ಬಳೇ ಆ ಮೇಜನ್ನು ಸುತ್ತುತ್ತಿದ್ದುದನ್ನು ಅರಿತಳು.

ಇದನ್ನು ತಿಳಿದಂದಿನಿಂದ, ಮಳೆಯ ರಾತ್ರಿಗಳಲ್ಲಿ ಜೇನ್ ಮೂರನೆಯ ಅಂತಸ್ತಿನಲ್ಲಿ ತಿರುಗಾಡುವ ಪುಟ ಬಂದಾಗ, ನಾನು ಅದನ್ನು ಬಹು ನಿಧಾನವಾಗಿ, ಒಂದೊಂದೇ ಸಾಲಾಗಿ ಓದುತ್ತೇನೆ. ಆ ಕಾದಂಬರಿ ಅಚ್ಚಾದದ್ದು 1847ರಲ್ಲಿ. ಒಂಟಿ ಹೆಣ್ಣಿನ ಹೆಜ್ಜೆಗಳನ್ನು ಷಾರ್ಲಟ್ ಕಾಗದದ ಮೇಲೆ ಇಳಿಸಿದ ಕಾಲಕ್ಕೆ ಕೆಳಗಿನ ಆ ಮೇಜಿನ ಸುತ್ತ ಇನ್ನೂ ಮೂವರು ನಡೆಯುತ್ತಿದ್ದರು.